ಎಂಟು ಪಟ್ಟಿಯ ವ್ಯಾನು

ಕೂಸಪ್ಪನ ಬಾಯಿಗೆ ಬಿದ್ದ ಮೇಲೆ ಕೊಡಗಿನ ಯಾವ ರಸ್ತೆಗೂ ಮಾನ ಉಳಿಯುತ್ತಿರಲಿಲ್ಲ. ನಾಪೋಕ್ಲಿನ ಚಾ ಅಂಗಡಿಯ ಬೆಂಚಿನ ಮೇಲೆ ಕೂತನೆಂದರೆ ಮುಗಿಯಿತು, ಮಹಾಯುದ್ಧದಲ್ಲಿ ಅವನು ಕಂಡ ಇಟಲಿ ಶುರು.

“ಇಟಲಿಯಲ್ಲಿ ನಾನು ಮಿಲಿಟರಿ ಲಾರಿ ಓಡಿಸುವಾಗ ಬಾನೆಟ್ಟಿನ ಮೇಲೆ ಒಂದು ಗ್ಲಾಸು ನೀರಿಟ್ರೂ ತುಳುಕ್ತಿರ್ಲಿಲ್ಲ ಮಾರಾಯ. ಇಲ್ಲಿ? ಇಲ್ಲಿ ಕುಡಿದ ಚಾ ತಿರುಗಿ ಬಾಯಿಗೇ ಬರ್ತದೆ!”

ಅಷ್ಟು ದೂರ ಯಾಕೆ, ಕುಶಾಲನಗರದ ಸೇತುವೆ ದಾಟಿದರೆ ಮೈಸೂರಿನವರ ರಸ್ತೆ ನೋಡಿ ಅನ್ನುತ್ತಿದ್ದ. ಅಲ್ಲಿ ಹೊಳೆಯ ಆಚೆ ಗಾಡಿ ಹಾಡ್ತದೆ, ಈಚೆ ಬಂದ ಕೂಡಲೆ ಅಳ್ತದೆ ಅನ್ನುತ್ತಿದ್ದ. ಕೇಳುವವರು ನಗುತ್ತಿದ್ದರು. ಅಲ್ಲಾ, ಬಾಂಬು ಬಿದ್ದು ಊರೂರೇ ಮಣ್ಣಾದ ದೇಶದಲ್ಲಿ ರಸ್ತೆ ಮಾತ್ರ ಅಷ್ಟು ನುಣ್ಣಗೆ ಉಳಿದದ್ದು ಹೇಗೆ ಅಂತ ಒಬ್ಬನಾದರೂ ಕೇಳಬೇಡವೇ? ಯಾರೂ ಕೇಳಲಿಲ್ಲ. ಕೂಸಪ್ಪನೂ ಚೆನ್ನಾಗಿದ್ದ ರಸ್ತೆಗಳನ್ನಷ್ಟೇ ನೆನಪಿಟ್ಟುಕೊಂಡಿದ್ದ.

ಅವನು ಓಡಿಸುತ್ತಿದ್ದುದು ಕುಟ್ಟಪ್ಪ ಸಾವ್ಕಾರರ ಎಸ್ಟೇಟಿನ ವ್ಯಾನು. ಹಿಂದೆ ಮರದ ಮೈ, ಮುಂದೆ ಇಬ್ಬರು ಕೂರುವ ಸೀಟು. ಬಿಳಿ ದೊರೆಯೊಬ್ಬ ತೋಟ ಮಾರಿ ಹಡಗು ಹತ್ತುವಾಗ ವ್ಯಾನನ್ನೂ ಬಿಟ್ಟು ಹೋಗಿದ್ದ. ಮೊದಲ ಮಳೆಗಾಲದಲ್ಲೇ ಅದರ ಹಿಂದಿನ ಸ್ಪ್ರಿಂಗು ಎರಡು ಸಲ ಕಟ್ಟಾಯಿತು. ಕೂಸಪ್ಪ ವ್ಯಾನಿನ ಅಡಿ ನುಗ್ಗಿ ನೋಡಿ, ಎದ್ದು ಕೈ ಕೊಡವಿಕೊಂಡು ತೀರ್ಪು ಕೊಟ್ಟ: “ಬಿಲಾಯ್ತಿಯವರು ಅವರ ರಸ್ತೆ ನೋಡಿ ಐದೇ ಪಟ್ಟಿ ಹಾಕಿದ್ದಾರೆ ಸಾವ್ಕಾರ್ರೇ. ನಮ್ಮ ರಸ್ತೆಗೆ ಇದು ಸಾಲೂದಿಲ್ಲ.” ವಿರಾಜಪೇಟೆಗೆ ಕೊಂಡುಹೋಗಿ, ಗುಜರಿ ಲಾರಿಯಿಂದ ಕಬ್ಬಿಣದ ಪಟ್ಟಿ ಬಿಚ್ಚಿಸಿ, ಎರಡೂ ಕಡೆ ಮೂರು ಮೂರು ಹೆಚ್ಚಿಗೆ ಕೂರಿಸಿಕೊಂಡು ಬಂದ. ಒಂದೊಂದು ಕಡೆಗೆ ಎಂಟು ಪಟ್ಟಿ. ಆಮೇಲೆ ಕಟ್ಟಾದ ಮಾತೇ ಇಲ್ಲ. ಹೋದಲ್ಲೆಲ್ಲ ವ್ಯಾನಿನ ಬೆನ್ನು ತಟ್ಟಿ ತಟ್ಟಿ ತೋರಿಸಿದ್ದೇ ತೋರಿಸಿದ್ದು. ಕಾಫಿ ಮೂಟೆ ಹೇರಿದರೆ ಅದು ಮದುಮಗಳ ಹಾಗೆ ತಲೆ ತಗ್ಗಿಸಿ ಹೋಗುತ್ತಿತ್ತು. ಖಾಲಿಯಾಗಿ ಬಂದರೆ ಮಾತ್ರ ಹಗ್ಗ ಬಿಚ್ಚಿದ ಕರು, ಒಂದು ಕಲ್ಲು ಸಿಕ್ಕಿದರೆ ಮೂರು ಸಲ ಹಾರುತ್ತಿತ್ತು. ಅದು ರಸ್ತೆಯ ತಪ್ಪು ಅಂತ ಕೂಸಪ್ಪ ಬಿಟ್ಟುಬಿಟ್ಟಿದ್ದ.

ಅವನ ಹೆಂಡತಿ ಹೊನ್ನಮ್ಮ ಕರಿಕೆಯವಳು. ಮದುವೆಯಾದಾಗ ಕಾಡುದಾರಿಯಲ್ಲಿ ನಡೆದೇ ಗಂಡನ ಮನೆಗೆ ಬಂದವಳು. ಚಿನ್ನ ಕೇಳಲಿಲ್ಲ, ಸೀರೆ ಕೇಳಲಿಲ್ಲ. ಅವಳಿಗೆ ಇದ್ದದ್ದು ಒಂದೇ ಆಸೆ. ಆ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತು ಒಂದು ಬುಧವಾರ ವಿರಾಜಪೇಟೆ ಸಂತೆಗೆ ಹೋಗಿ ಬರಬೇಕು.

“ಕೇಳಿದ್ರಾ, ಈ ವಾರ ಖಾಲಿ ಹೋಗ್ತೀರಂತೆ. ನಾನೂ ಬರ್ಲಾ?”

“ರಸ್ತೆ ಸರಿಯಾಗ್ಲಿ ಮಾರಾಯ್ತಿ. ಈಗ ಬಂದ್ರೆ ನಿನ್ನ ಸೊಂಟ ಮುರೀತದೆ. ಈಗ ಕೊಡಗು ನಮ್ಮದೇ ರಾಜ್ಯ ಆಯ್ತಲ್ಲ, ಮಡಿಕೇರಿಯಲ್ಲೇ ಸರ್ಕಾರ ಕೂತಿದೆ. ಟಾರು ಹಾಕ್ತಾರೆ, ಆಗ ಹೋಗುವ.”

ನಮ್ಮದೇ ರಾಜ್ಯವಾಗಿ ಮೂರ್ನಾಲ್ಕು ವರ್ಷವಾಯಿತು. ಹೊನ್ನಮ್ಮ ಕೇಳುತ್ತಲೇ ಇದ್ದಳು, ಅವನು ಟಾರಿನ ಮೇಲೆ ಹಾಕುತ್ತಲೇ ಇದ್ದ. ನಿಜ ಹೇಳಬೇಕೆಂದರೆ ಅವನಿಗೆ ನಾಚಿಕೆ. ಸಾವ್ಕಾರರ ಗಾಡಿಯಲ್ಲಿ ಡ್ರೈವರು ತನ್ನ ಹೆಂಡತಿಯನ್ನು ಮೆರೆಸಿಕೊಂಡು ಬಂದ ಅಂತ ಪೇಟೆಯವರು ಆಡಿಕೊಂಡರೆ? ಅದನ್ನು ಬಾಯಿಬಿಟ್ಟು ಹೇಳುವುದಕ್ಕಿಂತ ರಸ್ತೆಯನ್ನು ಬೈಯುವುದು ಸುಲಭ. ರಸ್ತೆ ತಿರುಗಿ ಮಾತಾಡುವುದಿಲ್ಲವಲ್ಲ.

ಆ ವರ್ಷದ ಕಾಫಿಯೆಲ್ಲ ಹೋಗಿ ಗೋದಾಮು ಬರಿದಾಗಿತ್ತು, ಮರಗಳಿಗೆ ಹಬ್ಬಿದ ಕಾಳುಮೆಣಸಿನ ಕೊಯ್ಲು ನಡೆದಿತ್ತು. ಏಣಿ ಹತ್ತುವ ಗಂಡಸರು ಮೂರು ಜನ ಜ್ವರ ಅಂತ ಮಲಗಿದ್ದರು. ಕೆಳಗೆ ಉದುರಿದ್ದನ್ನು ಆರಿಸುತ್ತಿದ್ದ ಹೊನ್ನಮ್ಮ, ಕರಿಕೆಯಲ್ಲಿ ನಾನು ಹತ್ತದ ಮರ ಇಲ್ಲ ಅನ್ನುತ್ತಾ ಸೆರಗು ಕಟ್ಟಿ ತಾನೇ ಹತ್ತಿದಳು. ಏಣಿಯ ಬುಡ ಜಾರಿತು.

ಕೂಸಪ್ಪ ಬಂಗಲೆಯ ಮುಂದೆ ವ್ಯಾನು ತೊಳೆಯುತ್ತಿದ್ದವನು ಕೂಗು ಕೇಳಿ ಓಡಿ ಬಂದ. ಹೊನ್ನಮ್ಮ ಮರದ ಬುಡದಲ್ಲಿ ಅಂಗಾತ ಬಿದ್ದಿದ್ದಳು. ಸುತ್ತ ಹಸಿ ಮೆಣಸು ಚೆಲ್ಲಾಡಿತ್ತು. ಅವಳು ಅಳುತ್ತಿರಲಿಲ್ಲ. ಅದನ್ನು ಕಂಡೇ ಅವನು ಪಕ್ಕದಲ್ಲಿ ಮಂಡಿಯೂರಿದ.

“ಕೇಳಿದ್ರಾ,” ಅಂದಳು, “ನನ್ನ ಕಾಲು ಎಲ್ಲುಂಟು ಅಂತ ಗೊತ್ತಾಗೂದಿಲ್ಲ.”

ಬೆನ್ನಿಗೆ ಪೆಟ್ಟಾದವರನ್ನು ಮಡಚಿ ಎತ್ತಬಾರದೆಂದು ಅವನು ಸೈನ್ಯದಲ್ಲಿ ಕಲಿತಿದ್ದ. ಗೋದಾಮಿನ ಬಾಗಿಲು ಕಳಚಿ ತಂದು ಅವಳನ್ನು ಮೆಲ್ಲಗೆ ಅದರ ಮೇಲೆ ಸರಿಸಿ, ಬಾಗಿಲ ಸಮೇತ ವ್ಯಾನಿನ ಹಿಂದೆ ಇಟ್ಟರು. ಕೊಯ್ಲಿನ ಹೆಂಗಸರೆಲ್ಲ ಹಿಂದೆಯೇ ಹತ್ತಿಬಿಟ್ಟರು. ಹಾಸನದ ಕಡೆಯಿಂದ ಬಂದು ತೋಟದ ಕೂಲಿ ಲೈನಿನಲ್ಲಿದ್ದ ಕಾಳಮ್ಮ ಹೊನ್ನಮ್ಮನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು.

“ಇಳೀರಿ! ಎಲ್ಲ ಇಳೀರಿ!” ಕೂಸಪ್ಪ ಕಿರುಚಿದ. “ಮನುಷ್ಯರಿಗೆ ಉಸಿರಾಡ್ಲಿಕ್ಕೆ ಬೇಡ್ವಾ? ಗಾಡಿ ಹಗುರ ಇದ್ರೆ ಮೆಲ್ಲಗೆ ಹೋಗ್ಬೋದು.”

“ಅವರ ತಲೆ ಹಿಡ್ಕೊಳಾಕೆ ಒಬ್ರಾದ್ರೂ ಬ್ಯಾಡ್ವ ಅಣ್ಣಾ?” ಅಂದಳು ಕಾಳಮ್ಮ.

“ಇಳಿ ಅಂದ್ರೆ ಇಳಿ!”

ಸಾವ್ಕಾರರು ಮಡಿಕೇರಿಗೆ ಹೋಗಿದ್ದರು. ಅವರ ಬದಲಿಗೆ ತೋಟ ನೋಡುತ್ತಿದ್ದ, ಲೆಕ್ಕ ಬರೆಯುವ ರೈಟರ್ ಪದ್ಮಯ್ಯ ತಲೆಯಾಡಿಸಿದ. “ಕೂಸಪ್ಪ ಹೇಳೂದು ಸರಿ. ಭಾರ ಹೆಚ್ಚಾಗಿ ಸ್ಪ್ರಿಂಗು ಕಟ್ಟಾದ್ರೆ ನಾಳೆ ಉತ್ತರ ಕೊಡ್ಬೇಕಾದವ ನಾನು.” ಹಾಗೆಂದು ತಾನು ಮಾತ್ರ ಹೋಗಿ ಮುಂದಿನ ಸೀಟಿನಲ್ಲಿ ಕೂತ. ಹೊನ್ನಮ್ಮ ಅಷ್ಟು ವರ್ಷ ಆಸೆಪಟ್ಟ ಸೀಟು ಅದೇ.

ಗೇಟು ದಾಟಿ ಮೊದಲ ಗುಂಡಿ ಇಳಿಯುತ್ತಲೇ ಹಿಂದಿನಿಂದ ಕೂಗು ಬಂತು. ಅದು ಹೊನ್ನಮ್ಮನ ದನಿ ಅಂತ ನಂಬಲು ಅವನಿಗೆ ಒಂದು ಗಳಿಗೆ ಬೇಕಾಯಿತು. ವೇಗ ತಗ್ಗಿಸಿದ. ಮತ್ತೆ ಒಂದು ಕಲ್ಲು, ಮತ್ತೆ ಅದೇ ಕೂಗು. ಚಕ್ರ ಏರಿದ್ದು ಅಂಗೈಯಗಲದ ಕಲ್ಲು, ವ್ಯಾನಿನ ಹಿಂಭಾಗ ಎದ್ದದ್ದು ಮೊಳದೆತ್ತರ. ಎದ್ದು ಬಿದ್ದಾಗೆಲ್ಲ ಬಾಗಿಲ ಹಲಗೆ ಧಡ್ ಅಂತ ಕುಣಿಯುತ್ತಿತ್ತು. ಅವನು ಇನ್ನೂ ತಗ್ಗಿಸಿದ. ಕೊನೆಗೆ ವ್ಯಾನು ಮನುಷ್ಯ ನಡೆಯುವಷ್ಟು ನಿಧಾನವಾಯಿತು. ಆದರೂ ಆ ಎಂಟು ಪಟ್ಟಿ ಒಂದಿಷ್ಟೂ ಬಗ್ಗಲಿಲ್ಲ. ರಸ್ತೆಯ ಪ್ರತಿಯೊಂದು ಪೆಟ್ಟನ್ನೂ ಎತ್ತಿಕೊಂಡು ನೇರ ಹೊನ್ನಮ್ಮನ ಬೆನ್ನಿಗೇ ಕೊಡುತ್ತಿತ್ತು.

“ಹಾಳು ರಸ್ತೆ! ದರಿದ್ರ ರಸ್ತೆ!” ಅವನು ಹಲ್ಲು ಕಚ್ಚಿ ಬೈದ. “ಇದೇ ಇಟಲಿಯಾಗಿದ್ರೆ...”

“ಬೈದು ಪ್ರಯೋಜನ ಇಲ್ಲ. ನೋಡಿ ಓಡಿಸು,” ಅಂದ ಪದ್ಮಯ್ಯ.

ಇಳಿಜಾರಿನ ತಿರುವಿನಲ್ಲಿ ಮಳೆನೀರು ಕೊರೆದ ಚರಂಡಿಯೊಂದು ರಸ್ತೆಗೆ ಅಡ್ಡ ಬಿದ್ದಿತ್ತು. ಮುಂದಿನ ಚಕ್ರ ದಾಟಿತು, ಹಿಂದಿನದು ದಾಟಿತು, ಹಲಗೆ ಕುಣಿಯಿತು. ಈ ಸಲ ಹಿಂದಿನಿಂದ ಕೂಗು ಬರಲಿಲ್ಲ.

ಕೂಸಪ್ಪ ಬ್ರೇಕು ಹಾಕಿ ಹಾರಿ ಇಳಿದು ಹಿಂದಕ್ಕೆ ಓಡಿದ. ಹೊನ್ನಮ್ಮ ಕಣ್ಣು ಬಿಟ್ಟೇ ಇದ್ದಳು. ತುಟಿ ಕಚ್ಚಿ ರಕ್ತ ಬಂದಿತ್ತು, ಹಣೆಯೆಲ್ಲ ಬೆವರು.

“ನಿಲ್ಸಿದ್ಯಾಕೆ?” ಅಂದಳು, ಕೇಳಿಸಿದರೆ ಕೇಳಿಸಿತು ಅನ್ನುವಷ್ಟು ಮೆಲ್ಲಗೆ. “ಇಲ್ಲೇ ಬಿಟ್ಟುಬಿಡಿ ನನ್ನ. ಇನ್ನು ಆಗೂದಿಲ್ಲ.”

ಮುಂದೆ ವಿರಾಜಪೇಟೆ ಎಷ್ಟೋ ದೂರ, ಹೀಗೇ ಹೋದರೆ ಇವಳು ಆಸ್ಪತ್ರೆ ಮುಟ್ಟುವುದಿಲ್ಲ. ವ್ಯಾನಿನ ಅಡಿ ಬಗ್ಗಿ ನೋಡಿದ. ಎಂಟು ಪಟ್ಟಿ ಒಂದರ ಮೇಲೊಂದು, ತಾನೇ ನಿಂತು ಕೂರಿಸಿದ್ದು, ಬಿಲ್ಲಿನ ಹಾಗೆ ಬಿಗಿದುಕೊಂಡು ನಿಂತಿತ್ತು. ಇದೇ ರಸ್ತೆ, ಇದೇ ತಿರುವು. ಹೋದ ತಿಂಗಳು ಮೂಟೆ ಹೇರಿ ಬಂದಾಗ ಇಲ್ಲಿ ಚರಂಡಿ ಇದೆ ಅಂತಲೇ ಗೊತ್ತಾಗಿರಲಿಲ್ಲ. ಅವನು ಹಣೆ ಹಣೆ ಬಡಿದುಕೊಂಡ. ಪಟ್ಟಿ ಬಗ್ಗಲು ಭಾರ ಬೇಕು! ಭಾರ ಬೇಕಾಗಿತ್ತು, ತಾನು ಭಾರವನ್ನೆಲ್ಲ ಬೈದು ಇಳಿಸಿ ಬಂದಿದ್ದ. ಕಲ್ಲು ಹೇರಿದರೆ ಉರುಳಿ ಅವಳ ಮೇಲೇ ಬಂದೀತು. ಮೂಟೆಗೆ ಗೋದಾಮಿನಲ್ಲಿ ಕಾಳಿಲ್ಲ.

ಅಷ್ಟರಲ್ಲಿ ತಿರುವಿನಲ್ಲಿ ಹೆಂಗಸರ ಗುಂಪು ಕಾಣಿಸಿತು. ಅವರು ತೋಟಕ್ಕೆ ವಾಪಸು ಹೋಗಿರಲೇ ಇಲ್ಲ. ವ್ಯಾನು ಅಷ್ಟು ನಿಧಾನ ಹೋಗುತ್ತಿತ್ತಲ್ಲ, ಕಾಳಮ್ಮನನ್ನು ಮುಂದಿಟ್ಟುಕೊಂಡು ಧೂಳಿನಲ್ಲಿ ಹಿಂದೆ ಹಿಂದೆಯೇ ನಡೆದು ಬಂದಿದ್ದರು.

“ಹತ್ತಿ!” ಕೂಸಪ್ಪ ಎರಡೂ ಕೈ ಬೀಸಿದ. “ಎಲ್ಲರೂ ಹತ್ತಿ, ಬೇಗ!”

“ಅವಾಗ ಇಳಿ ಅಂದ್ರಿ, ಇವಾಗ ಹತ್ತು ಅಂತೀರಿ. ಏನ್ ಬುದ್ಧಿ ಅಣ್ಣಾ ನಿಮ್ದು?” ಕಾಳಮ್ಮ ಬೈಯುತ್ತಲೇ ಹತ್ತಿದಳು.

“ಬುದ್ಧಿ ಇಲ್ಲದ್ದಕ್ಕೇ ಹೀಗಾದ್ದು. ಹತ್ತು.”

ಹೆಂಗಸರು ಹಲಗೆಯ ಎರಡೂ ಬದಿಗೆ ಒತ್ತಿ ಒತ್ತಿ ಕೂತರು. ವ್ಯಾನಿನ ಹಿಂಭಾಗ ನಿಟ್ಟುಸಿರು ಬಿಟ್ಟಂತೆ ಕೆಳಗಿಳಿಯಿತು. ಪದ್ಮಯ್ಯ ಗಾಬರಿಯಾಗಿ ಇಳಿದು ಬಂದ. “ಏ ಕೂಸಪ್ಪ, ತಲೆ ಕೆಟ್ಟಿದ್ಯಾ? ಇಷ್ಟು ಜನ ಹಾಕಿ ಈ ರಸ್ತೆಯಲ್ಲಿ! ಪಟ್ಟಿ ಹೋದ್ರೆ ನಿನ್ನ ಕೆಲಸ ಹೋಯ್ತು, ತಿಳ್ಕೋ.”

“ಹೋಗ್ಲಿ. ನೀವೂ ಹಿಂದೆ ಕೂತ್ಕೊಳ್ಳಿ.”

“ನಾನಾ?”

“ನೀವು ಇವರಲ್ಲಿ ಇಬ್ಬರ ತೂಕ ಇದ್ದೀರಿ ರೈಟರ್ರೇ. ಮುಂದೆ ಕೂತು ದಂಡ. ಹತ್ತಿ!” ಆ ದನಿ ಕೇಳಿ ಪದ್ಮಯ್ಯ ಪಂಚೆ ಎತ್ತಿಕೊಂಡು ಹೆಂಗಸರ ನಡುವೆ ಮುದುಡಿ ಕೂತ.

ಕೂಸಪ್ಪ ವ್ಯಾನು ಹೊರಡಿಸಿದ. ಮೊದಲ ಕಲ್ಲು ಬಂತು. ವ್ಯಾನು ಕಲ್ಲಿನ ಮೇಲೆ ತೂಗಿ ಇಳಿಯಿತು, ಅಷ್ಟೇ. ಇನ್ನೊಂದು ಗುಂಡಿ ಬಂತು. ತೂಗಿತು, ಇಳಿಯಿತು. ಹಿಂದೆ ಕಾಳಮ್ಮ ಏನೋ ಹೇಳುತ್ತಿದ್ದಳು, ಯಾರೋ ನೀರು ಕುಡಿಸುತ್ತಿದ್ದರು. ಮೈಲಿ ಮೈಲಿ ಕಳೆದರೂ ಕೂಗಿಲ್ಲ. ಕಡಂಗದ ಹತ್ತಿರ ಅಡಿಯಿಂದ ಠಣ್ ಅಂತ ಒಂದು ಸದ್ದು ಬಂತು. ಒಂದು ಪಟ್ಟಿ ಹೋಯಿತು ಅಂತ ಅವನಿಗೆ ತಿಳಿಯಿತು. ಅವನು ನಿಲ್ಲಿಸಲಿಲ್ಲ.

ಒಂದು ಕಡೆ ಹೊನ್ನಮ್ಮನ ದನಿ ಕೇಳಿಸಿತು. ಅವಳು ಕೇಳುತ್ತಿದ್ದುದು ಕಾಳಮ್ಮನನ್ನು.

“ವ್ಯಾನು ಹೋಗ್ತಾ ಉಂಟಾ, ನಿಂತಿದ್ಯಾ?”

“ಹೋಯ್ತಾ ಐತೆ ಕಣಕ್ಕಾ. ಜೋರಾಗೇ ಹೋಯ್ತಾ ಐತೆ.”

ಆಮೇಲೆ ಹೊನ್ನಮ್ಮ ಅಂದಳು: “ರಸ್ತೆ ಇಷ್ಟೇನಾ?”

ಸ್ಟಿಯರಿಂಗ್ ಹಿಡಿದ ಕೂಸಪ್ಪನಿಗೆ ಆ ಮಾತು ತನಗೇ ಅಂತ ಗೊತ್ತಾಯಿತು. ಅವನ ಕಣ್ಣು ತುಂಬಿ ಮುಂದಿನ ರಸ್ತೆ ಮಸುಕಾಯಿತು. ತೋಳಿನಿಂದ ಒರೆಸಿಕೊಂಡು ಓಡಿಸಿದ.

ಆಸ್ಪತ್ರೆಯಲ್ಲಿ ಡಾಕ್ಟರು ಹೊನ್ನಮ್ಮನ ಅಂಗಾಲಿಗೆ ಸೂಜಿ ತಾಗಿಸಿ ತಾಗಿಸಿ ನೋಡಿದರು. ಹೊರಗೆ ಬಂದು, ಜೀವಕ್ಕೆ ಭಯ ಇಲ್ಲ, ಅಲುಗಿಸದೆ ತಂದದ್ದು ಒಳ್ಳೆಯದಾಯಿತು ಅಂದರು. “ಕಾಲು?” ಅಂತ ಕೂಸಪ್ಪ ಕೇಳಿದ. “ನೋಡೋಣ” ಅಂದರು. ಆ ‘ನೋಡೋಣ’ವನ್ನು ಅವನು ಇಟಲಿಯ ಮಿಲಿಟರಿ ಆಸ್ಪತ್ರೆಗಳಲ್ಲಿ ಬೇಕಾದಷ್ಟು ಸಲ ಕೇಳಿದ್ದ. ಹಾಗೆ ಅನ್ನಿಸಿಕೊಂಡ ಯಾವನೂ ಎದ್ದು ನಡೆದದ್ದನ್ನು ಅವನು ಕಂಡಿರಲಿಲ್ಲ.

ಒಳಗೆ ಹೋಗಿ ಹೊನ್ನಮ್ಮನ ಮಂಚದ ಪಕ್ಕ ನಿಂತ. ಬಾಯಿಗೆ ರೂಢಿಯಾದದ್ದೇ ಬಂತು. “ಆ ಹಾಳು ರಸ್ತೆ ಒಂದು ಸರಿ ಇದ್ದಿದ್ರೆ...”

“ರಸ್ತೆಗೆ ಯಾಕೆ ಬೈತೀರಿ? ಚೆಂದವೇ ಉಂಟಲ್ಲ.”

ಅವನು ಅವಳ ಹೊದಿಕೆ ಸರಿಪಡಿಸಿದ.

“ಇವತ್ತು ಬುಧವಾರ ಅಲ್ವಾ?” ಅಂದಳು ಹೊನ್ನಮ್ಮ. ಕಿಟಕಿಯಿಂದ ಸಂತೆಯ ಗದ್ದಲ ಕೇಳಿಸುತ್ತಿತ್ತು. “ಆ ಹೆಂಗಸರು ಪಾಪ, ಕೊಯ್ಲು ಬಿಟ್ಟು ನನ್ನ ಹಿಂದೆ ಬಂದ್ರು. ಅವರಿಗೆ ಸಂತೆ ತೋರ್ಸಿ ಕರ್ಕೊಂಡು ಹೋಗಿ. ಟಾರು ಆದ ಮೇಲೆ ಅಂತ ಹೇಳ್ಬೇಡಿ ಮತ್ತೆ. ಇವತ್ತೇ ತೋರ್ಸಿ.”

“ನಿನ್ನ ಬಿಟ್ಟು ನಾನು ಹೇಗೆ ಹೋಗ್ಲಿ ಹೊನ್ನಮ್ಮಾ?” ಅವನು ಅವಳನ್ನು ಹೆಸರು ಹಿಡಿದು ಕರೆದದ್ದು ಅಪರೂಪ.

“ನಾನು ಎಲ್ಲಿಗೆ ಓಡಿ ಹೋಗ್ತೇನೆ? ಹೋಗಿ ಬನ್ನಿ.”

ಪದ್ಮಯ್ಯನನ್ನು ಮಂಚದ ಬಳಿ ಕೂರಿಸಿ, ಕೂಸಪ್ಪ ಹೆಂಗಸರನ್ನು ವ್ಯಾನಿಗೆ ಹತ್ತಿಸಿಕೊಂಡ. ಮುಂದೆ ಕೂರ್ಲಾ ಅಂತ ಕಾಳಮ್ಮ ಕೇಳಿದಳು. ಕೂತ್ಕೋ ಅಂದ. ಪೇಟೆಯ ಬೀದಿಗೆ ಹಿಂದಿನ ವರ್ಷವೇ ಟಾರು ಬಿದ್ದಿತ್ತು. ಮನೆಗೆ ಹೋಗಿ ಅದನ್ನು ಅವನು ಹೊನ್ನಮ್ಮನಿಗೆ ಹೇಳಿರಲಿಲ್ಲ. ಮುರಿದ ಪಟ್ಟಿಯ ವ್ಯಾನು ಅದರ ಮೇಲೆ ಸದ್ದಿಲ್ಲದೆ ಹೋಯಿತು. ಬಳೆಯಂಗಡಿ, ಮಂಡಕ್ಕಿ ರಾಶಿ, ಒಣಮೀನು, ಬಣ್ಣಬಣ್ಣದ ರಿಬ್ಬನ್ನು. ಪೇಟೆಯವರು ತಿರುಗಿ ತಿರುಗಿ ನೋಡಿದರು. ಯಾರೂ ಆಡಿಕೊಳ್ಳಲಿಲ್ಲ. ಒಬ್ಬ ಬಳೆಗಾರ ಮಾತ್ರ, ಬನ್ನಿ ಅಮ್ಮಾ ಅಂತ ಕರೆದ.

ಕಾಳಮ್ಮ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಎರಡೂ ಕಡೆ ನೋಡಿದ್ದೇ ನೋಡಿದ್ದು.

“ಅಬ್ಬಬ್ಬಾ! ಇದನ್ನೆಲ್ಲ ಹೊನ್ನಮ್ಮಕ್ಕ ನೋಡವ್ರಾ ಅಣ್ಣಾ?”

“ಇಲ್ಲ,” ಅಂದ ಕೂಸಪ್ಪ. “ನಾನು ತೋರಿಸ್ಲಿಲ್ಲ.”