ಸೆನನ್ ಲಿಲಿಸನ ಬಲಗಾಲು

೧

ಎಲ್ಲಿಂದ ಶುರು ಮಾಡಲಿ? ಮೊದಲು ಮಳೆಯಿಂದ ಶುರು ಮಾಡಿದ್ದೆ, ಹರಿದು ಹಾಕಿದೆ. ನಮ್ಮ ಕ್ಲೇರ್ ಸೀಮೆಯಲ್ಲಿ ಮಳೆ ಬಂತು ಅನ್ನುವುದು ಸುದ್ದಿಯೇ ಅಲ್ಲ. ಆಮೇಲೆ ಡರ್ವ್ಲಾ ಮ್ಯಾರಿನನ್ ಎಂಬ ವಿದ್ಯಾರ್ಥಿನಿಯ ಕೆಂಪು ಕೂದಲಿನಿಂದ ಶುರು ಮಾಡಿದೆ. ಅದನ್ನು ಅವಳೇ ಓದಿ, ಹಾಳೆಯನ್ನು ನನ್ನ ಮೇಜಿನ ಮೇಲೆ ಎಸೆದಳು.

"ನನ್ ಕೂದ್ಲು ಯಾವತ್ತು ಕೆಂಪಾಗಿತ್ತು? ಟೂರಿಸ್ಟ್ ಅಂಗಡೀಲಿ ಮಾರೋ ಗೊಂಬೆ ಅನ್ಕೊಂಡ್ರಾ ನನ್ನ?"

ಕಂದು. ಆಯಿತಮ್ಮಾ, ಕಂದು.

೧ (ಮತ್ತೆ)

ಒಂದು ಪ್ರಶ್ನೆಯಿಂದ ಶುರು ಮಾಡೋಣ. ನಮ್ಮಲ್ಲಿ ಯಾರಾದರೂ ಹೊಸ ಮಟ್ಟೊಂದನ್ನು ನುಡಿಸಿ ಮುಗಿಸಿದರೆ ಚೆನ್ನಾಗಿತ್ತು ಅಂತ ಯಾರೂ ಹೇಳುವುದಿಲ್ಲ. "ಇದನ್ನ ಯಾರ ಹತ್ರ ತಗೊಂಡೆ?" ಅಂತ ಕೇಳುತ್ತಾರೆ. ಕದ್ದ ಸೈಕಲ್ಲಿನ ಜೊತೆ ಸಿಕ್ಕಿಬಿದ್ದವನನ್ನು ಪೊಲೀಸರು ಕೇಳುವ ದನಿಯಲ್ಲೇ ಕೇಳುತ್ತಾರೆ.

ಶಾನನ್ ನದಿಯ ಪಕ್ಕದ ನಮ್ಮ ವಿಶ್ವವಿದ್ಯಾಲಯದಲ್ಲಿ ಈ ಪ್ರಶ್ನೆಗೆ ಅಂಕಗಳೂ ಉಂಟು. ನಾನು ಅಲ್ಲಿ ಪಿಟೀಲು ಹೇಳಿಕೊಡುತ್ತೇನೆ. ಕೊನೆಯ ವರ್ಷದ ಪರೀಕ್ಷೆಯ ಕಛೇರಿಗೆ ಮುಂಚೆ ಕೊಡುವ ಪಟ್ಟಿಯಲ್ಲಿ ವಿದ್ಯಾರ್ಥಿ ಪ್ರತಿ ಮಟ್ಟಿನ ಮುಂದೆಯೂ ಅದನ್ನು ಕೊಟ್ಟವರ ಹೆಸರು ಬರೆಯಬೇಕು. ಡರ್ವ್ಲಾ ತನ್ನ ಕೊನೆಯ ಮಟ್ಟಿನ ಮುಂದೆ, ಅದೊಂದು ಕುಣಿತದ ಜಿಗ್, ಹೀಗೆ ಬರೆದಳು: "ಸೆನನ್ ಲಿಲಿಸ್, ಅವರು ಕೊಟ್ಟ ಹಾಗೆಯೇ."

ಆ "ಹಾಗೆಯೇ" ಅನ್ನುವ ಮಾತಿನ ಕೆಳಗೆ ವಿಭಾಗದ ಮುಖ್ಯಸ್ಥ ಫಿಂಟನ್ ಹೊನನ್ ಅವಳ ತಾಲೀಮು ಕೇಳಿದ ಮೇಲೆ ಕೆಂಪು ಗೆರೆ ಎಳೆದ.

೨

"ಎರಡನೇ ಭಾಗದ ಐದನೇ ಆವರ್ತದಲ್ಲಿ ಮಟ್ಟು ಮೇಲಕ್ಕೆ ಹೋಗಲ್ಲಮ್ಮ, ಕೆಳಕ್ಕಿಳಿಯುತ್ತೆ," ಅಂದ ಫಿಂಟನ್. "ಸೆನನ್ ನನ್ನ ಎದುರಿಗೆ ಕೂರಿಸ್ಕೊಂಡು ಹೇಳ್ಕೊಟ್ಟಿದ್ದು. ನೀನಿನ್ನೂ ಹುಟ್ಟಿರ್ಲಿಲ್ಲ."

"ನನಗೆ ಮೇಲಕ್ಕೆ ಹೋಗೋ ಹಾಗೇ ಕೊಟ್ರು."

"ಹಂಗಾದ್ರೆ ತಪ್ಪು ಕೇಳಿಸ್ಕೊಂಡಿದೀಯ. ತಿದ್ಕೋ. ಇಲ್ದಿದ್ರೆ ಈ ವರ್ಷ ಪಾಸಾಗಲ್ಲ, ಅಷ್ಟೇ."

ನಾನು ಕಿಟಕಿಯ ಕಡೆ ನೋಡಿದೆ. ಸೆನನ್ ನನಗೆ ಕೊಟ್ಟ ಮಟ್ಟು ಆ ಜಾಗದಲ್ಲಿ ಮೇಲಕ್ಕೂ ಹೋಗುವುದಿಲ್ಲ, ಕೆಳಕ್ಕೂ ಇಳಿಯುವುದಿಲ್ಲ, ನಿಂತಲ್ಲೇ ಸುತ್ತುತ್ತದೆ. (ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಮುಟ್ಟಿಕೊಳ್ಳಲೂ ಇಲ್ಲ.)

೩

ಸೆನನ್ ಲಿಲಿಸನಿಗೆ ಎಂಬತ್ತನಾಲ್ಕು. ಮದುವೆ ಇಲ್ಲ, ಒಂದು ನಾಯಿ, ಒಂದು ಪಿಟೀಲು. ಪ್ರಾಯದಲ್ಲಿದ್ದಾಗ ಯಾರೋ ಒಬ್ಬ ಡಬ್ಲಿನ್ನಿನಿಂದ ಟೇಪ್ ಯಂತ್ರ ಹೊತ್ತುಕೊಂಡು ಬಂದಿದ್ದ, ಟೀ ಕುಡಿದ, ಹ್ಯಾಮ್ ತಿಂದ, ಹೋದ. ವರ್ಷ ಕಳೆಯುವುದರಲ್ಲಿ ಸೆನನ್‌ನ ಅಪ್ಪ ಕಟ್ಟಿದ ಮಟ್ಟು ಬೇರೆಯವನ ಹೆಸರಲ್ಲಿ ಗ್ರಾಮಫೋನ್ ಪ್ಲೇಟಾಗಿ ಹೊರಬಂತು.

ಅವತ್ತಿನಿಂದ ಈ ಮುದುಕ ಮನೆಗೆ ಬಂದವರಿಗೆ ಇಲ್ಲ ಅನ್ನುವುದಿಲ್ಲ. ಇಲ್ಲ ಅಂದರೆ ಮರ್ಯಾದೆ ಅಲ್ಲವಲ್ಲ! ಎಲ್ಲರಿಗೂ ಆ ಜಿಗ್ಗನ್ನು ಕೊಡುತ್ತಾನೆ, ಆದರೆ ಆ ಐದನೇ ಆವರ್ತದಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಸುಳ್ಳು ಸ್ವರ ಸೇರಿಸುತ್ತಾನೆ. ಯಾರದೆಂದು ಆಮೇಲೆ ಗುರುತಿಸಲು ಕುರಿಯ ಬೆನ್ನಿಗೆ ಬಣ್ಣ ಬಳಿದು ಗುಡ್ಡಕ್ಕೆ ಬಿಟ್ಟ ಹಾಗೆ. ಒಮ್ಮೆ ರೇಡಿಯೋದಲ್ಲಿ ಯಾರೋ ನುಡಿಸುತ್ತಿದ್ದರು. ಸೆನನ್ ಆಲೂಗಡ್ಡೆ ಸುಲಿಯುತ್ತಲೇ ಹೇಳಿದ್ದು: "ಇದು ಆ ಜರ್ಮನಿಯವನಿಗೆ ಕೊಟ್ಟ ಸುಳ್ಳು. ಬಡ್ಡೀಮಗ ಮಾರ್ಕೊಂಡಿದಾನೆ."

ಈ ಸಂಗತಿ ಊರಿಗೆಲ್ಲ ಗೊತ್ತು. ಗೊತ್ತಿದ್ದೂ ಪ್ರತಿಯೊಬ್ಬರೂ ಅಂದುಕೊಳ್ಳುವುದು ಒಂದೇ: ಮುದುಕ ಎಲ್ಲರಿಗೂ ಟೋಪಿ ಹಾಕಿದ್ದಾನೆ, ನನ್ನ ಹೊರತು.

೪

[ಇಲ್ಲೊಂದು ಪ್ರೇಮ ಪ್ರಕರಣ ಇತ್ತು. ಡರ್ವ್ಲಾ ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ "ಯಾಕೆ?" ಅಂತ ಬರೆದಿದ್ದಾಳೆ. ನನಗೂ ಉತ್ತರ ಗೊತ್ತಿಲ್ಲ.]

೫

ಡರ್ವ್ಲಾ ಮೂರು ದಿನ ವಿಭಾಗದ ಹಳೆಯ ಟೇಪುಗಳ ಕೋಣೆ ಸೇರಿಕೊಂಡಳು. ನಾಲ್ಕನೆಯ ದಿನ ನನ್ನನ್ನೂ ಫಿಂಟನ್‌ನನ್ನೂ ಕರೆದು ಎದುರಿಗೆ ಕೂರಿಸಿದಳು.

"ನೀವೆಲ್ಲ ಸೆನನ್ ಅವರ ಕೈ ಕೇಳಿಸ್ಕೊಂಡ್ರಿ," ಅಂದಳು. "ನಾನು ಕುಣಿಯೋಳು. ಕಾಲು ಕೇಳಿಸ್ಕೊಂಡೆ."

ಸೆನನ್ ನುಡಿಸುವಾಗ ಅವನ ಬಲಗಾಲು ಅಡುಗೆಮನೆಯ ಕಲ್ಲುಚಪ್ಪಡಿಯ ಮೇಲೆ ತಾಳ ಹಾಕುತ್ತಲೇ ಇರುತ್ತದೆ. ಅವನ ಹತ್ತಿರ ಕಲಿಯಲು ಹೋದವರು ತಂದ ಪ್ರತಿ ಟೇಪಿನಲ್ಲೂ ಆ ಸದ್ದು ಇದೆ. ಫಿಂಟನ್‌ನ ಟೇಪಿನಲ್ಲಿ ಐದನೇ ಆವರ್ತ ಬಂದಾಗ ಕಾಲು ಒಂದು ಏಟು ನಿಂತುಹೋಗುತ್ತದೆ, ಮತ್ತೆ ಶುರುವಾಗುತ್ತದೆ. ಜರ್ಮನಿಯವನ ಟೇಪಿನಲ್ಲೂ ಅಷ್ಟೇ. ಇನ್ನು ನಾಲ್ಕು ಜನರ ಟೇಪುಗಳಲ್ಲೂ ಅಷ್ಟೇ. ಸುಳ್ಳು ಹೇಳಲು ಯೋಚಿಸಬೇಕಲ್ಲ, ಯೋಚಿಸುವಾಗ ಕಾಲು ಮರೆತುಹೋಗುತ್ತದೆ.

ಫಿಂಟನ್ ತನ್ನ ಟೇಪನ್ನು ಮೂರು ಸಲ ಹಾಕಿಸಿ ಕೇಳಿದ. "ಮೂವತ್ತು ವರ್ಷ ಇದನ್ನೇ ಪಾಠ ಮಾಡ್ದೆನಲ್ಲಪ್ಪಾ," ಅಂದ. ನನಗೆ ಅಯ್ಯೋ ಅನ್ನಿಸಿತು. ಆಮೇಲೆ ಅವನೇ ಅವಳನ್ನು ಕೇಳಿದ: "ಎಲ್ಲಿ, ನಿಂದು ಹಾಕು ನೋಡೋಣ."

ಡರ್ವ್ಲಾ ಫೋನು ತೆಗೆದು ಹಾಕಿದಳು. ಪಿಟೀಲು ಕೇಳಿಸಿತು, ಅದರ ಮೇಲೆ ದಡದಡ ಅಂತ ಎರಡು ಗಟ್ಟಿ ಬೂಟುಗಳು. ಅವಳವೇ ಬೂಟುಗಳು. "ಕೂತವರಿಗೆಲ್ಲ ನಾನು ನುಡಿಸಲ್ಲ ಮಗಳೇ, ಏಳು, ಕುಣಿ" ಅಂತ ಸೆನನ್ ಅವಳನ್ನು ಎಬ್ಬಿಸಿದ್ದನಂತೆ. ಅವಳ ಕಾಲಿನ ಗದ್ದಲದಲ್ಲಿ ಅವನ ಕಾಲು ಮುಳುಗಿಹೋಗಿತ್ತು.

೫ (ಮುಂದುವರಿದು, ಯಾಕೆಂದರೆ ಜಗಳ ಆಯಿತು)

"ತನ್ನ ಕಾಲು ತನ್ನನ್ನ ಹಿಡಿದುಕೊಡುತ್ತೆ ಅಂತ ಮುದುಕನಿಗೆ ಗೊತ್ತಾಗಿರಬೇಕು. ಅದನ್ನ ಮುಚ್ಚೋಕೇ ನಿನ್ನ ಕುಣಿಸಿದಾನೆ," ಅಂದೆ.

ಡರ್ವ್ಲಾಳ ಕಣ್ಣು ತುಂಬಿಬಂತು. "ಖುಷಿಗೆ ಕುಣಿಸಿದ್ರು ಅಂತ ಯಾಕಿರಬಾರ್ದು?"

"ಇರಬಹುದು."

"ಆ 'ಇರಬಹುದು' ನೀವೇ ಇಟ್ಕೊಳ್ಳಿ! ವಾರಕ್ಕೆರಡು ಸಲ ಹೋಗಿ ಅವರ ಒಲೆ ಮುಂದೆ ಕೂತಿದೀನಿ ನಾನು. ನಾಯಿಗೆ ಸ್ನಾನ ಮಾಡ್ಸಿದೀನಿ. ಪರೀಕ್ಷೆ ಹೋಗ್ಲಿ ಬಿಡಿ. ಅವರು ನನ್ನ ನಂಬಿದ್ರೋ ಇಲ್ವೋ, ಅದು ಗೊತ್ತಾಗ್ಬೇಕು ನನಗೆ." ತಟ್ಟನೆ ನನ್ನ ಕಡೆ ತಿರುಗಿದಳು. "ಹೌದೂ, ನೀವೂ ಅವರ ಹತ್ರ ಹೋಗಿದ್ರಂತಲ್ಲ. ನಿಮ್ಮ ಟೇಪ್ ಎಲ್ಲಿ?"

"ಕಳೆದುಹೋಯ್ತು," ಅಂದೆ.

(ಓದುಗರೇ, ನನ್ನನ್ನು ಹಾಗೆ ನೋಡಬೇಡಿ.)

ಫಿಂಟನ್ ಕೊನೆಗೆ ತೀರ್ಮಾನ ಕೊಟ್ಟ. "ಹಾಗೆಯೇ" ಅಂತ ಬರೆಯಲಿ, ಆದರೆ ಕಛೇರಿಯ ದಿನ ಸೆನನ್‌ನನ್ನೇ ಕರೆಸಿ ಮೊದಲ ಸಾಲಲ್ಲಿ ಕೂರಿಸುವುದು. ಅವನು ಇದು ನಂದಲ್ಲ ಅಂದರೆ ಡರ್ವ್ಲಾ ಫೇಲು.

೭

(ಆರು ಇಲ್ಲ. ಆರರಲ್ಲಿ ಮಳೆ ಇತ್ತು.)

ಇಲ್ಲಿಗೆ ಮೂರು ಮುಕ್ತಾಯ ಬರೆದೆ. ಒಂದರಲ್ಲಿ, ಡರ್ವ್ಲಾ ಐದನೇ ಆವರ್ತ ನುಡಿಸುವಾಗ ಸೆನನ್‌ನ ಕಾಲು ತನ್ನ ಸುಳ್ಳನ್ನು ಗುರುತು ಹಿಡಿದು ನಿಲ್ಲುತ್ತದೆ. ಇನ್ನೊಂದರಲ್ಲಿ ನಿಲ್ಲುವುದಿಲ್ಲ. ಮೂರನೆಯದರಲ್ಲಿ ಮುದುಕನಿಗೆ ನಿದ್ದೆ ಬಂದುಬಿಡುತ್ತದೆ. ಅದನ್ನು ಓದಿ ಡರ್ವ್ಲಾ ನಕ್ಕಳು, ಆದರೆ ಇಟ್ಟುಕೊಳ್ಳಲು ಬಿಡಲಿಲ್ಲ.

ನಡೆದದ್ದು ಹೀಗೆ. ಮೇ ತಿಂಗಳ ಮಧ್ಯಾಹ್ನ. ಸೆನನ್ ಸಾವಿನ ಮನೆಗಳಿಗೆ ಹಾಕುವ ಕರಿ ಸೂಟು ತೊಟ್ಟು ಬಂದು ಕೂತ. ಡರ್ವ್ಲಾ ಪಿಟೀಲು ಎತ್ತಿಕೊಂಡು, ಕಣ್ಣನ್ನು ಅವನ ಬಲಗಾಲಿನ ಬೂಟಿನ ಮೇಲಿಟ್ಟು ಶುರು ಮಾಡಿದಳು. ಆ ಸಭಾಂಗಣಕ್ಕೆ ದಪ್ಪ ಜಮಖಾನ, ಕಾಲಿನ ಸದ್ದು ಯಾರಿಗೂ ಕೇಳುವಂತಿರಲಿಲ್ಲ. ಫಿಂಟನ್ ತಲೆ ಬಗ್ಗಿಸಿ ಅಂಕಪಟ್ಟಿ ನೋಡುತ್ತಿದ್ದ. ನಾನು ಸೆನನ್‌ನ ಬೆನ್ನ ಹಿಂದೆ ಕೂತಿದ್ದೆ. ಬೇರೆ ಎಲ್ಲಾದರೂ ಕೂರಬಹುದಿತ್ತು. ನೋಡಲು ಹೆದರಿಕೆ ಆಯಿತು, ಅದಕ್ಕೇ ಅಲ್ಲಿ ಕೂತೆ.

ಮಟ್ಟು ಮುಗಿಯಿತು. ಫಿಂಟನ್ ಬಗ್ಗಿ ಕೇಳಿದ: "ಇದು ನಿಮ್ಮದೇನಾ, ಸೆನನ್?"

"ನನ್ನ ಯಾಕಪ್ಪಾ ಕೇಳ್ತೀಯ? ನೀನಲ್ವಾ ಪ್ರೊಫೆಸರು," ಅಂದ ಸೆನನ್. ಆಮೇಲೆ ಡರ್ವ್ಲಾ ಕಡೆ ನೋಡಿದ. "ಯಾರ ಹತ್ರ ತಗೊಂಡೆ ಮಗಳೇ ಇದನ್ನ?"

"ನಿಮ್ಮ ಹತ್ರಾನೇ."

"ಹಂಗಾ," ಅಂದ. "ಟೀ ಕೊಡ್ತಾರೇನು ಇಲ್ಲಿ?"

ನಂದಲ್ಲ ಅನ್ನಲಿಲ್ಲವಾದ್ದರಿಂದ ಫಿಂಟನ್ ಅವಳನ್ನು ಪಾಸು ಮಾಡಿದ.

೮

ಮಾರನೆಯ ದಿನ ಕ್ಯಾಂಟೀನಿನಲ್ಲಿ ಡರ್ವ್ಲಾಳನ್ನು ಕೇಳಿದೆ: ಕಾಲು ನಿಂತಿತೇ?

"ನಿಲ್ತು," ಅಂದಳು, ಟೀ ಲೋಟ ನೋಡುತ್ತ. "ಒಂದೇ ಏಟು."

ನನಗೆ ದುಃಖವಾಯಿತು ಅಂತ ಬರೆದಿದ್ದೆ. ಅದು ಸುಳ್ಳು. ನನಗೆ ಸಂತೋಷವಾಯಿತು, ನಾಚಿಕೆಗೆಟ್ಟ ಸಂತೋಷ. ಮನೆಗೆ ಹೋಗಿ ಅದೇ ಮುಕ್ತಾಯವನ್ನು ನೀಟಾಗಿ ಬರೆದು ಫಿಂಟನ್‌ಗೆ ಓದಲು ಕೊಟ್ಟೆ. ಅವನು ಓದಿ ಕನ್ನಡಕ ತೆಗೆದ.

"ಏನಿದು? ಕಾಲು ನಿಲ್ಲಲೇ ಇಲ್ಲ ಅಂತ ನನಗೆ ಹೇಳಿದ್ಲಲ್ಲ!"

ಓಡಿಹೋಗಿ ಡರ್ವ್ಲಾಳನ್ನು ಹಿಡಿದೆ. ಅವಳು ಕಮಾನಿನ ಕೂದಲು ಬಿಗಿಮಾಡುತ್ತಿದ್ದಳು. "ಯಾವುದು ನಿಜ?" ಅಂದೆ.

"ನೀವು ಬರೆಯೋರು. ಅವರು ಪಾಠ ಮಾಡೋರು," ಅಂದಳು, ತಲೆ ಎತ್ತದೆ. "ನಾಳೆ ಈ ಕಥೆ ಇನ್ನೆಲ್ಲೋ ಕಿವಿಗೆ ಬಿದ್ರೆ, ಯಾರ ಬಾಯಿಂದ ಹೋಯ್ತು ಅಂತ ನನಗೆ ಗೊತ್ತಾಗ್ಬೇಡ್ವಾ?"

ಸೆನನ್ ಅವಳಿಗೆ ಮಟ್ಟನ್ನು ಸರಿಯಾಗಿ ಕೊಟ್ಟನೋ ಇಲ್ಲವೋ ದೇವರಿಗೇ ಗೊತ್ತು. ಉಳಿದ ವಿದ್ಯೆಯನ್ನೆಲ್ಲ ಚೆನ್ನಾಗಿಯೇ ಕೊಟ್ಟಿದ್ದಾನೆ.

೯, ಅಥವಾ ಇದನ್ನೇ ೧ ಮಾಡಬೇಕಿತ್ತು

ಟೇಪು ಕಳೆದುಹೋಗಿಲ್ಲ. ನನ್ನ ಮೇಜಿನ ಕೆಳಗಿನ ಖಾನೆಯಲ್ಲಿದೆ. ಅದನ್ನು ಹಿಡಿದಾಗ ನನಗೆ ಹತ್ತೊಂಬತ್ತು. ಅಮ್ಮ ಮಾಡಿದ ದ್ರಾಕ್ಷಿ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಸೆನನ್ ಮನೆಗೆ ಹೋಗಿದ್ದೆ. ಅವನು ಬೆಣ್ಣೆ ಹಚ್ಚಿ ತಿಂದ, ನಕ್ಕ, ನುಡಿಸಿದ. ಡರ್ವ್ಲಾ ನಮಗೆ ಟೇಪುಗಳನ್ನು ಕೇಳಿಸಿದ ದಿನ ಮನೆಗೆ ಬಂದು ಅದನ್ನು ಹಾಕಿದೆ. ಐದನೇ ಆವರ್ತದಲ್ಲಿ ಕಾಲು ನಿಲ್ಲುತ್ತದೆ. ಇಪ್ಪತ್ತಾರು ವರ್ಷ ನಿಜವಾದ ಮಟ್ಟನ್ನು ನನಗೇ ಕೊಟ್ಟದ್ದು ಅಂದುಕೊಂಡು ನುಡಿಸಿದ್ದೆ. ಮುದುಕ ನನ್ನನ್ನು ನಂಬಲಿಲ್ಲ. ಅದು ನೋಯುತ್ತದೆ, ಬೇರೇನೂ ಹೇಳಲಾರೆ.

ಈ ಭಾಗವನ್ನು ಓದಿ ಡರ್ವ್ಲಾ ಏನನ್ನೂ ಹೊಡೆದುಹಾಕಲಿಲ್ಲ. "ಬ್ರೆಡ್ಡು ನಿಜಾನಾ?" ಅಂತ ಕೇಳಿದಳು, ಅಷ್ಟೇ. ನಾನು ಉತ್ತರ ಕೊಡಲಿಲ್ಲ.

ನಿಮಗೂ ಕೊಡುವುದಿಲ್ಲ. ನೀವು ಒಳ್ಳೆಯವರೇ ಇರಬಹುದು, ಆದರೆ ನಾಳೆ ಇದನ್ನು ಯಾರಿಗೆ ಹೇಳುತ್ತೀರೋ ನನಗೇನು ಗೊತ್ತು? ಈ ಕಥೆ ಹೇಳುವಾಗ ಒಂದು ಕಡೆ ನನ್ನ ಕಾಲೂ ಒಂದು ಏಟು ನಿಂತಿತ್ತು. ನೀವು ಕೈಯನ್ನೇ ನೋಡುತ್ತಿದ್ದಿರಿ.