ಅಕ್ಕನ ಸಾಮಾನಿನ ಚೀಲ

ಐವತ್ತೊಂದು ತುಂಬಿದ್ದರೂ ಆ ಮನೆಯಲ್ಲಿ ಅವಳು ಚಿಕ್ಕವಳೇ. ಮದುವೆಯಾಗಿ ಬಂದ ದಿನ ಅತ್ತೆ ಇಟ್ಟ ಹೆಸರು ಅದು. ಹಿರಿಸೊಸೆ ದೊಡ್ಡವಳು, ಇವಳು ಚಿಕ್ಕವಳು. ಅತ್ತೆ ತೀರಿಕೊಂಡು ಎಷ್ಟೋ ವರ್ಷವಾದರೂ ಹೆಸರು ಹೋಗಲಿಲ್ಲ. ಹೋದವಳು ದೊಡ್ಡವಳು. ಮೂರು ತಿಂಗಳ ಹಿಂದೆ ಮಂಚ, ಬೀರು, ಎರಡು ಪೆಟ್ಟಿಗೆ ಪಾತ್ರೆಯನ್ನು ಒಂದು ಟೆಂಪೋಗೆ ಹೇರಿಸಿಕೊಂಡು, ಗಂಡನ ಜೊತೆ, ಹತ್ತು ನಿಮಿಷದ ದಾರಿಯಲ್ಲಿದ್ದ ಬಾಡಿಗೆ ಮನೆಗೆ ಹೊರಟುಹೋಗಿದ್ದಳು. ಆ ಹತ್ತು ನಿಮಿಷದ ದಾರಿಯನ್ನು ಓರಗಿತ್ತಿಯರಿಬ್ಬರೂ ಅಂದಿನಿಂದ ತುಳಿದಿರಲಿಲ್ಲ. ಫೋನನ್ನೂ ಮಾಡಿರಲಿಲ್ಲ. ಮೊದಲು ಮಾತಾಡಿದವಳು ಸೋತ ಹಾಗೆ ಎಂಬಂತಿತ್ತು.

ಶನಿವಾರ ಮಧ್ಯಾಹ್ನ ಚಿಕ್ಕವಳು ಕಿಟಕಿಯ ಪಕ್ಕ ಹೊಲಿಗೆ ಯಂತ್ರದ ಮುಂದೆ ಕೂತು ಶಾಲೆಯ ಸಮವಸ್ತ್ರಗಳಿಗೆ ಅಂಚು ಹೊಲಿಯುತ್ತಿದ್ದಾಗ ಬಾಗಿಲ ಗಂಟೆ ಸದ್ದು ಮಾಡಿತು. ತೆಗೆಯುವಷ್ಟರಲ್ಲಿ ಚೀಲ ಇಟ್ಟವನು ಮೆಟ್ಟಿಲು ಇಳಿದಾಗಿತ್ತು. ಬೆಳಿಗ್ಗೆ ತಾನು ಮೊಬೈಲಿನಲ್ಲಿ ಸಾಮಾನು ಹೇಳಿದ್ದಳಲ್ಲ, ಅದೇ ಇರಬೇಕೆಂದು ಒಳಗೆ ತಂದಳು. ನಡುಮನೆಯಲ್ಲಿ ಹಳೆಯ ಬೆಡ್‌ಶೀಟ್ ಹಾಸಿ ಎಲ್ಲವನ್ನೂ ಹರಡಿದಳು.

ಹಾಗೆ ಹರಡುವುದು ಆ ಮನೆಯ ಪದ್ಧತಿ. ಒಂದು ಕಾಲದಲ್ಲಿ ಪ್ರತಿ ಶನಿವಾರ ಇಬ್ಬರೂ ಮಾರುಕಟ್ಟೆಗೆ ನಡೆದು ಹೋಗಿ, ಚೀಲದ ಒಂದೊಂದು ಹಿಡಿಯನ್ನು ಒಬ್ಬೊಬ್ಬರು ಹಿಡಿದು ಬರುತ್ತಿದ್ದರು. ಬಂದವರೇ ಬೆಡ್‌ಶೀಟ್ ಹಾಸುತ್ತಿದ್ದರು. ದೊಡ್ಡವಳು ನಡುವೆ ಕಾಲು ಚಾಚಿ ಕೂತು ಚಹಾಪುಡಿ ಮೂಸಿ, ಬೇಳೆಯೊಂದನ್ನು ಹಲ್ಲಿನಲ್ಲಿ ಕಡಿದು, ಸಕ್ಕರೆಯ ನಾಲ್ಕು ಹರಳು ನಾಲಿಗೆಗಿಟ್ಟು ತೀರ್ಪು ಕೊಡುತ್ತಿದ್ದಳು. "ಈ ಸಕ್ಕರೆಗೆ ಸಿಹಿಯಾಗಿರಬೇಕು ಅಂತ ಯಾರೂ ಹೇಳಿಕೊಟ್ಟೇ ಇಲ್ಲ ಕಣೇ." ಚಿಕ್ಕವಳು ಬೇರ್ಪಡಿಸಿ ಡಬ್ಬಿಗೆ ತುಂಬುತ್ತಿದ್ದಳು. ಭಾವ ಒಮ್ಮೆ ಅವಸರದಲ್ಲಿ ದಾಟಲು ಹೋಗಿ ಟೊಮೆಟೊ ಮೇಲೆ ಕಾಲಿಟ್ಟ ಮೇಲೆ ಗಂಡಸರಿಗೆ ಆ ಬೆಡ್‌ಶೀಟಿನ ಹತ್ತಿರ ಸುಳಿಯಲು ಅಪ್ಪಣೆ ಇರಲಿಲ್ಲ.

ಮನೆಯೊಳಗೆ ಆಡಲಾಗದ ಮಾತನ್ನೆಲ್ಲ ಅವರು ಮಾರುಕಟ್ಟೆಯ ದಾರಿಯಲ್ಲಿ ಆಡಿ ಮುಗಿಸುತ್ತಿದ್ದರು. ಮಗಳಿಗಿಂತ ಮೊದಲಿನ ಕೂಸು ಹೊಟ್ಟೆಯಲ್ಲಿ ನಿಲ್ಲದೆ ಹೋದಾಗ ಚಿಕ್ಕವಳು ಅತ್ತದ್ದು ಮನೆಯಲ್ಲಲ್ಲ, ಆಲೂಗಡ್ಡೆ ಗಾಡಿಯ ಹಿಂದೆ. ದೊಡ್ಡವಳು ಸಮಾಧಾನದ ಒಂದು ಮಾತನ್ನೂ ಹೇಳಲಿಲ್ಲ. ಚಿಕ್ಕವಳು ಯಾರಿಗೂ ಕಾಣದಂತೆ ತಾನು ಅಡ್ಡ ನಿಂತು, ಗಾಡಿಯವನ ಜೊತೆ ಕಾಲು ಗಂಟೆ ಚೌಕಾಸಿ ಮಾಡಿದಳು. ಇವಳು ಮೂಗು ಒರೆಸಿಕೊಂಡ ಮೇಲೆ, "ಬೇಡ ಬಿಡಪ್ಪ, ಮನೇಲಿ ಇದೆ" ಎಂದು ಹೊರಟುಬಿಟ್ಟಳು. ಅವನು ಬೈದದ್ದು ಮುಂದಿನ ತಿರುವಿನವರೆಗೂ ಕೇಳಿಸುತ್ತಿತ್ತು.

ಆಮೇಲೆ ಬೆಲೆ ಏರತೊಡಗಿತು. ವರ್ಷಕ್ಕೊಮ್ಮೆ ಏರುತ್ತಿದ್ದದ್ದು ತಿಂಗಳಿಗೊಮ್ಮೆ ಏರಿತು. ಏರದ ಕಡೆ ಪೊಟ್ಟಣ ಚಿಕ್ಕದಾಯಿತು. ಮುಖ್ಯರಸ್ತೆಯಲ್ಲಿ ಗಾಜಿನ ಸೂಪರ್‌ಮಾರ್ಕೆಟ್ ಎದ್ದು, ಹಿಂದಿನ ಬೀದಿಯ ಗಾಡಿಗಳು ಒಂದೊಂದಾಗಿ ಕಣ್ಮರೆಯಾದವು. ದೊಡ್ಡವಳು ಅಲ್ಲಿಗೆ ಹೋದ ಮೊದಲ ದಿನವೇ ಬಿಲ್ಲು ಹಾಕುವವಳನ್ನು, "ಕೊನೆಗೆ ಎಷ್ಟಕ್ಕೆ ಕೊಡ್ತೀಯಮ್ಮ?" ಎಂದು ಕೇಳಿದಳು. ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಅದಾದ ಮೇಲೆ ಚಿಕ್ಕವಳ ಮಗಳು ಇಬ್ಬರ ಮೊಬೈಲಿಗೂ ಸಾಮಾನು ತರಿಸುವ ಆಪ್ ಹಾಕಿಕೊಟ್ಟಳು. ದಾರಿ ನಡೆಯುವುದು ತಪ್ಪಿತು. ದಾರಿಯ ಮಾತೂ ತಪ್ಪಿತು.

ಮಾತು ಒಳಗೇ ಉಳಿದು ಹುಳಿಯಾಗುತ್ತಿದ್ದ ಹೊತ್ತಿಗೇ ಎಣ್ಣೆಯ ಬೆಲೆ ಜಿಗಿಯಿತು. ಒಂದು ಸಂಜೆ ಎಣ್ಣೆಯ ಕ್ಯಾನು ಒರೆಸುವಾಗ ಚಿಕ್ಕವಳಿಗೆ ಅದರ ಮೇಲೆ ಎಣ್ಣೆಯ ಮಟ್ಟಕ್ಕೆ ಎಳೆದ ನೀಲಿ ಪೆನ್ನಿನ ಗೆರೆ ಕಂಡಿತು. ಬೆಳಗಿನ ಅಡುಗೆ ದೊಡ್ಡವಳದು, ಸಂಜೆಯದು ತನ್ನದು. ಗೆರೆ ಯಾರಿಗೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

"ಅಕ್ಕ, ನಾನೇನು ಎಣ್ಣೆ ಕುಡೀತೀನಾ?" ಎಂದಿದ್ದಳು.

"ಯಾರು ಕುಡೀತಾರೆ ಅಂತ ಗೆರೆ ಹೇಳುತ್ತೆ" ಎಂದಿದ್ದಳು ದೊಡ್ಡವಳು, ತಿರುಗಿ ನೋಡದೆ.

ಅಷ್ಟೇ. ಜಗಳವೆಂದು ಕರೆಯಲು ಅದರಲ್ಲಿ ಇನ್ನೇನೂ ಇರಲಿಲ್ಲ. ಆದರೆ ಮೂವತ್ತು ವರ್ಷ ಒಂದೇ ಒಲೆಯಲ್ಲಿ ಬೇಯಿಸಿದ ಮೇಲೆ ಬಿದ್ದ ಗೆರೆ ಅದು. ಹದಿನೈದು ದಿನಕ್ಕೆ ಭಾವ ಬೇರೆ ಮನೆ ನೋಡಿ ಬಂದರು.

ಬೆಡ್‌ಶೀಟಿನ ಮೇಲೆ ಹರಡಿದ್ದನ್ನು ನೋಡುತ್ತ ಚಿಕ್ಕವಳು ಹುಬ್ಬು ಗಂಟಿಕ್ಕಿದಳು. ಇದ್ಯಾವುದೂ ತಾನು ಹೇಳಿದ್ದಲ್ಲ. ಓಟ್ಸ್, ಮೆತ್ತನೆಯ ಬ್ರೆಡ್ಡು, ಬಾಳೆಹಣ್ಣು, ಮೊಸರು, ಅರ್ಧ ಕಿಲೋ ಅಕ್ಕಿನುಚ್ಚು, ಎಣ್ಣೆಯ ಅತಿ ಸಣ್ಣ ಪ್ಯಾಕೆಟ್, ನಾಲ್ಕು ಟೊಮೆಟೊ. ಬಿಲ್ಲು ತಿರುಗಿಸಿದಳು. ಭಾವನ ಹೆಸರಿತ್ತು.

ಒಳಕೋಣೆಯಿಂದ ಬಂದ ಮಗಳು ಬಗ್ಗಿ ನೋಡಿ ಹೇಳಿದಳು. "ದೊಡ್ಡಮ್ಮ ಇಲ್ಲಿಂದ ಹೋದ್ಮೇಲೆ ಆಪ್ ಮುಟ್ಟೇ ಇರ್ಲಿಲ್ಲ ಅನ್ಸುತ್ತೆ. ಅವರೇ ಸೂಪರ್‌ಮಾರ್ಕೆಟ್‌ಗೆ ಹೋಗ್ತಿದ್ರು. ವಿಳಾಸ ಬದಲಾಯಿಸೋಕೆ ಅವರಿಗೆಲ್ಲಿ ಬರುತ್ತೆ, ನಾನು ಹಾಕಿಕೊಟ್ಟ ಹಳೇದೇ ಇದೆ."

"ಅವರೇ ಹೋಗ್ತಿದ್ರು ಅಂತ ನಿನಗೆ ಹೇಗೆ ಗೊತ್ತು?"

"ಎರಡು ಸಲ ಅಲ್ಲಿ ಸಿಕ್ಕಿದ್ರು. ಮಾತಾಡಿದೆ. ನಿಂಗೆ ಹೇಳಿದ್ರೆ ಮುಖ ಊದಿಸ್ಕೋತೀಯ ಅಂತ ಹೇಳ್ಲಿಲ್ಲ."

"ನಾನ್ಯಾಕೆ ಊದಿಸ್ಕೊಳ್ಳಲಿ?" ಎಂದ ಚಿಕ್ಕವಳ ಮುಖ ಆಗಲೇ ಊದಿತ್ತು.

"ಕೊಡಿಲ್ಲಿ, ಸ್ಕೂಟರಲ್ಲಿ ಕೊಟ್ಟು ಬರ್ತೀನಿ."

ಕೊಟ್ಟುಬಿಡಬಹುದಿತ್ತು. ಯಾರೂ ಸೋಲದೆ ಮುಗಿಯುತ್ತಿತ್ತು. ಆದರೆ ಚಿಕ್ಕವಳು ಒಂದೊಂದನ್ನೇ ಎತ್ತಿ ನೋಡುತ್ತಲೇ ಇದ್ದಳು. ಕಡಲೆಕಾಯಿ ಇಲ್ಲ. ಕಡಲೆಕಾಯಿ ಜಗಿಯದೆ ದೊಡ್ಡವಳು ಒಂದು ವಾರ ಕಳೆದದ್ದನ್ನು ಅವಳು ಕಂಡಿರಲಿಲ್ಲ. ಕಾಫಿಪುಡಿ ಇಲ್ಲ. ಬೆಳಿಗ್ಗೆ ಕಾಫಿ ಗಂಟಲಿಗಿಳಿಯುವವರೆಗೆ ದೇವರು ಬಂದು ಕರೆದರೂ ಓಗೊಡದವಳು! ಇರುವುದೆಲ್ಲ ಜಗಿಯದೆ ನುಂಗುವಂಥದ್ದು. ಅದೂ ಅತಿ ಸಣ್ಣ ಪೊಟ್ಟಣ. ಯಾರೋ ಹಾಸಿಗೆ ಹಿಡಿದ ಮನೆಯ ಚೀಲ ಇದು. ಭಾವನಿಗೆ ಹಿಂದೊಮ್ಮೆ ಎದೆನೋವು ಬಂದಿತ್ತು. ಅಥವಾ ಅಕ್ಕನಿಗೇ ಏನಾದರೂ? ಅದಕ್ಕೇ ಅಂಗಡಿಗೆ ಹೋಗಲಾಗದೆ ಮೊಬೈಲು ಹಿಡಿದಿರಬೇಕು. ಹತ್ತು ನಿಮಿಷದ ದೂರದಲ್ಲಿ ಇಷ್ಟೆಲ್ಲ ಆಗಿದ್ದರೂ ತನಗೆ ಹೇಳಿ ಕಳಿಸಿಲ್ಲ ಎಂದುಕೊಂಡಾಗ ಮೊದಲು ಸಿಟ್ಟು ಬಂತು, ಹಿಂದೆಯೇ ಹೆದರಿಕೆಯಾಯಿತು.

"ನಾನೇ ಹೋಗ್ತೀನಿ" ಎಂದಳು. ಅಡುಗೆಮನೆಗೆ ಹೋಗಿ, ತನ್ನ ಕಾಫಿಪುಡಿಯ ಡಬ್ಬಿಯಿಂದ ಅರ್ಧವನ್ನು ಇನ್ನೊಂದು ಡಬ್ಬಿಗೆ ಸುರಿದು ಚೀಲದ ತಳದಲ್ಲಿ ಇಟ್ಟಳು. ಮಗಳು ನೋಡಿಯೂ ನೋಡದವಳಂತೆ ಬಿಲ್ಲು ಮಡಚುತ್ತಿದ್ದಳು.

ಎರಡನೇ ಮಹಡಿ. ಮೆಟ್ಟಿಲು ಹತ್ತುವಾಗ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡ ಮಾತು ಬಾಗಿಲು ತೆರೆದ ಭಾವನನ್ನು ಕಂಡಾಗ ಹಾರಿಹೋಯಿತು. ಭಾವ ಕಲ್ಲುಗುಂಡಿನ ಹಾಗಿದ್ದರು. ಕೈಯಲ್ಲಿ ಪತ್ರಿಕೆ, ಕಿವಿಯ ಮೇಲೆ ಪೆನ್ಸಿಲ್ಲು.

"ಬಾಮ್ಮ, ಬಾ. ಬೆಳಗ್ಗಿಂದ ಚೀಲ ಬರ್ಲಿಲ್ಲ ಅಂತ ನಿನ್ನ ಅಕ್ಕ ಆ ಮೊಬೈಲಿಗೆ ಬೈತಾನೇ ಇದ್ದಾಳೆ. ನೀನು ಯಾವಾಗಿಂದ ಡೆಲಿವರಿ ಕೆಲಸಕ್ಕೆ ಸೇರಿದೆ?"

"ಅಕ್ಕ ಹುಷಾರಾಗಿದ್ದಾರಾ?"

"ನೀನೇ ನೋಡು. ನನಗಂತೂ ಇಷ್ಟು ನಿಶ್ಶಬ್ದ ಸಂಸಾರ ನಲವತ್ತು ವರ್ಷದಲ್ಲಿ ಸಿಕ್ಕಿರಲಿಲ್ಲ."

ದೊಡ್ಡವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಇವಳನ್ನು ಕಂಡದ್ದೇ ಒಳಗೆ ಸರಿದಳು. ಚಿಕ್ಕವಳು ಚೀಲವನ್ನು ಅಲ್ಲೇ ಬಿಟ್ಟು ಹಿಂದೆಯೇ ಹೋಗಿ, ಮೂರು ತಿಂಗಳ ಬಿಗುಮಾನವನ್ನೆಲ್ಲ ಮರೆತು, ಆ ಸೆರಗನ್ನು ಎಳೆದಳು.

ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಒಸಡುಗಳು ಹಸುಗೂಸಿನವುಗಳಂತೆ ಹೊಳೆಯುತ್ತಿದ್ದವು.

"ಎಲ್ಲ ಕೀಳಿಸಿಬಿಟ್ರಾ?"

"ಅಲ್ಲಾಡ್ತಿದ್ವು. ಒಂದೊಂದಾಗಿ ಕೀಳಿಸಿದ್ರೆ ಒಂದೊಂದಕ್ಕೂ ದುಡ್ಡು" ಎಂದಳು ದೊಡ್ಡವಳು. ಮಾತಿಗಿಂತ ಗಾಳಿಯೇ ಹೆಚ್ಚು ಬಂತು. "ಹೊಸ ಹಲ್ಲು ಕೂರಿಸೋಕೆ ಇನ್ನೂ ಆರು ವಾರ. ಈ ಬಾಯಿ ಇಟ್ಕೊಂಡು ಅಂಗಡಿಗೆ ಹೋಗ್ಲಾ? ನಗ್ತೀಯಾ? ನಗು."

ಚಿಕ್ಕವಳು ನಗಬೇಕೆಂದಿರಲಿಲ್ಲ. ಸುಖವಾಗಿದ್ದಾಳಲ್ಲ ಎಂಬ ನೆಮ್ಮದಿಯಲ್ಲಿ ಸ್ಟೂಲು ಎಳೆದು ಕೂತಳು, ಕೂತ ಮೇಲೆ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬಂತು. ಆ ನೀರು ನಗುವಿನದು ಮಾತ್ರ ಅಲ್ಲವೆಂದು ಇಬ್ಬರಿಗೂ ತಿಳಿದಿತ್ತು. ದೊಡ್ಡವಳು ಹಾಲಿನ ಪಾತ್ರೆ ಸರಿಸುವ ನೆಪದಲ್ಲಿ ಬೆನ್ನು ತಿರುಗಿಸಿದಳು.

"ಚೀಲ ನಮ್ಮನೆಗೆ ಬಂತು. ನಂದೇ ಅಂದ್ಕೊಂಡು ಬಿಚ್ಚಿಬಿಟ್ಟೆ" ಎಂದಳು ಚಿಕ್ಕವಳು.

"ಬಿಚ್ಚಿ ಎಲ್ಲ ನೋಡಿರ್ತೀಯ."

"ನೋಡಿದೆ."

ದೊಡ್ಡವಳು ಚೀಲ ತಂದು ಒಂದೊಂದಾಗಿ ಹೊರಗಿಟ್ಟಳು. ತಳದ ಡಬ್ಬಿ ತೆರೆದು ಮೂಸಿದಳು. "ಇದು ನನ್ನದಲ್ಲ."

"ಓಟ್ಸ್ ಜೊತೆ ಉಚಿತ ಇರಬೇಕು."

"ನಿನ್ನ ಸ್ಟೀಲ್ ಡಬ್ಬೀಲಿ ಹಾಕಿ ಕಳಿಸ್ತಾರಾ ಉಚಿತಾನ?" ಎಂದಳು. ಆದರೆ ಡಬ್ಬಿ ಮುಚ್ಚಲಿಲ್ಲ. ಇನ್ನೊಮ್ಮೆ ಮೂಸಿದಳು. "ಕಾಫಿ ಬಿಟ್ಟು ಎರಡು ತಿಂಗಳಾಯ್ತು. ಆ ಬೆಲೆ ನೋಡಿದ್ಮೇಲೆ ಕುಡಿದ್ರೂ ರುಚಿ ಹತ್ತಲ್ಲ." ಪಾತ್ರೆಗೆ ನೀರು ಸುರಿದು ಒಲೆಯ ಮೇಲಿಟ್ಟಳು. ನೀರು ಕಾಯತೊಡಗಿದಾಗ ಒಲೆಗೇ ಹೇಳುವಂತೆ ಹೇಳಿದಳು. "ಇಲ್ಲಿ ಇಬ್ಬರೇ. ಆದ್ರೂ ಎಣ್ಣೆ ಅಷ್ಟೇ ಬೇಗ ಮುಗಿಯುತ್ತೆ. ಅಂದ್ರೆ ಕುಡೀತಿದ್ದವಳು ನಾನೇ ಅಂತಾಯ್ತು."

ಚಿಕ್ಕವಳಿಗೆ ಹೇಳಬೇಕಾದದ್ದು ಬಹಳ ಇತ್ತು. ಈ ಮೂರು ತಿಂಗಳಲ್ಲಿ ಪಾತ್ರೆ ತೊಳೆಯುತ್ತ, ಹೊಲಿಯುತ್ತ, ಆ ಗೆರೆಗೆ ಎಷ್ಟೋ ಉತ್ತರಗಳನ್ನು ಹೊಸೆದಿದ್ದಳು. ಒಂದಕ್ಕಿಂತ ಒಂದು ಚುರುಕಾದವು. ಈಗ ಒಂದೂ ಬೇಕೆನಿಸಲಿಲ್ಲ.

"ನಾನೂ ಆವತ್ತು ಸುಮ್ಮನಿರಬಹುದಿತ್ತು" ಎಂದಳು.

"ನೀನು ಸುಮ್ಮನಿದ್ದದ್ದು ಯಾವಾಗ?"

ಕಾಫಿ ಕುಡಿದ ಮೇಲೆ ದೊಡ್ಡವಳು ಮೊಬೈಲು ತಂದುಕೊಟ್ಟಳು. "ಆ ವಿಳಾಸ ಸರಿ ಮಾಡಿಕೊಡು. ಪ್ರತಿ ಸಲ ನಿನಗೆ ಹೊರೋ ಕೆಲಸ ಆಗಬಾರದು."

ಅದು ಒಂದು ನಿಮಿಷದ ಕೆಲಸ. ಹಳೆಯ ಬೀದಿಯ ಹೆಸರು ಅಳಿಸಿ ಹೊಸದನ್ನು ಬರೆದಳು. ಕೊನೆಯ ಗುಂಡಿ ಒತ್ತುವಾಗ ಬೆರಳು ತಡೆಯಿತು. ಇನ್ನು ಮೇಲೆ ತಪ್ಪಿಯೂ ಈ ಚೀಲ ತನ್ನ ಬಾಗಿಲಿಗೆ ಬರುವುದಿಲ್ಲ. ಎದ್ದು ಹೋಗಲು ಒಂದು ಕಾರಣ ಸಿಕ್ಕಿದಷ್ಟು ಸುಲಭವಾಗಿ ಮತ್ತೆ ಬರಲು ಕಾರಣ ಸಿಕ್ಕುವುದಿಲ್ಲ. ಒತ್ತಿದಳು.

ಅಷ್ಟರಲ್ಲಿ ದೊಡ್ಡವಳು ಟೊಮೆಟೊ ಕೈಗೆತ್ತಿಕೊಂಡು ತಿರುಗಿಸುತ್ತಿದ್ದಳು. ನಾಲ್ಕರಲ್ಲಿ ಎರಡು ಒಡೆದಿದ್ದವು. "ಇದನ್ನ ಆರಿಸಿದವನು ಟೊಮೆಟೊ ನೋಡಿದಾನೋ ಇಲ್ವೋ. ಇದಕ್ಕೆ ಇಷ್ಟು ಬೆಲೆ, ಮೇಲೆ ತಂದುಕೊಟ್ಟಿದ್ದಕ್ಕೆ ಬೇರೆ."

"ಹಿಂದಿನ ಬೀದೀಲಿ ಮೂರು ನಾಲ್ಕು ಗಾಡಿ ಇನ್ನೂ ಇವೆಯಂತೆ" ಎಂದಳು ಚಿಕ್ಕವಳು, ಮೊಬೈಲಿನಿಂದ ಕಣ್ಣೆತ್ತದೆ. "ಹೋಗೋಣ್ವಾ?"

"ಹಲ್ಲು ಬರೋ ತನಕ ನಾನು ಬೀದಿಗಿಳಿಯಲ್ಲ."

"ಬಾಯಿ ಮುಚ್ಕೊಂಡು ಬನ್ನಿ. ಮಾತು ನಾನಾಡ್ತೀನಿ."

"ನೀನಾ? ಹೇಳಿದ ಬೆಲೆ ಕೊಟ್ಟು ಬರೋಳು ನೀನು. ಬಾಯಿ ಮುಚ್ಕೊಂಡು ನಾನು ಚೌಕಾಸಿ ಮಾಡೋದು ಹೇಗೆ?"

"ಜಾಸ್ತಿ ಅನ್ಸಿದ್ರೆ ಚಿವುಟಿ."

"ಕರ್ಕೊಂಡು ಹೋಗಮ್ಮ ತಾಯಿ" ಎಂದರು ಭಾವ ಪತ್ರಿಕೆಯ ಹಿಂದಿನಿಂದ. "ಇಲ್ಲಿ ಚಿವುಟಿಸಿಕೊಳ್ಳೋಕೆ ನಾನೊಬ್ಬನೇ ಆಗಿದೀನಿ."

ಹಿಂದಿನ ಬೀದಿಯಲ್ಲಿ ಉಳಿದಿದ್ದದ್ದು ಮೂರೇ ಗಾಡಿ. ಒಂದು ಕಾಲಕ್ಕೆ ಜನರ ಮೊಣಕೈ ತಾಗದೆ ನಡೆಯಲಾಗದಿದ್ದ ಜಾಗದಲ್ಲಿ ಈಗ ಕಾರುಗಳು ನಿಂತಿದ್ದವು. ಟೊಮೆಟೊ ಗಾಡಿಯ ಹೆಂಗಸು ಇವರಿಬ್ಬರಿಗೆ ಹೊಸಬಳು. ದೊಡ್ಡವಳು ಸೆರಗಿನಲ್ಲಿ ಅರ್ಧ ಮುಖ ಮುಚ್ಚಿಕೊಂಡು, ಬರಿಯ ಕಣ್ಣುಗಳಿಂದ ರಾಶಿಯನ್ನು ಅಳೆದಳು. ಗಾಡಿಯವಳು ಬೆಲೆ ಹೇಳಿದಳು.

ಮೊಣಕೈಯ ಹಿಂದೆ ಚುರ್ ಎಂದಿತು.

"ಜಾಸ್ತಿ ಆಯ್ತು" ಎಂದಳು ಚಿಕ್ಕವಳು.

"ಏನಮ್ಮ ಜಾಸ್ತಿ? ಆ ಗಾಜಿನ ಅಂಗಡೀಲಿ ಕೇಳಿ ನೋಡಿ. ನಿಮ್ಮ ಜೊತೆಯವರು ಸುಮ್ಮನೇ ಇದ್ದಾರಲ್ಲ."

"ಸುಮ್ಮನಿಲ್ಲ. ನಿಮಗೆ ಕೇಳಿಸ್ತಿಲ್ಲ ಅಷ್ಟೇ."

ಗಾಡಿಯವಳು ಒಮ್ಮೆ ಇವಳನ್ನೂ ಒಮ್ಮೆ ಆ ಸೆರಗಿನ ಮೇಲಿನ ಕಣ್ಣುಗಳನ್ನೂ ನೋಡಿ ಸ್ವಲ್ಪ ಇಳಿಸಿದಳು. ಚಿಕ್ಕವಳಿಗೆ ಅದು ಸರಿಯಾದ ಬೆಲೆಯೇ ಅನಿಸಿತು. ಆದರೂ ಕೈಯನ್ನು ಹಿಂದಕ್ಕೆ ಬಿಟ್ಟುಕೊಂಡು ಕಾದಳು. ತುಸು ಹೊತ್ತು ಏನೂ ಇಲ್ಲ. ಆಮೇಲೆ ಬಂತು, ಮೊದಲಿಗಿಂತ ಬಲವಾಗಿ.

"ಅಕ್ಕ, ಮೆಲ್ಲಗೆ" ಎಂದಳು ತಿರುಗದೆ, ಮತ್ತೆ ಗಾಡಿಯವಳ ಕಡೆ ಬಗ್ಗಿ, "ಇಲ್ಲಮ್ಮ, ನಮಗೆ ಇನ್ನೂ ಒಪ್ಪಿಗೆ ಇಲ್ಲ" ಎಂದಳು.