ಅತ್ತೆ ನೀರಿಗಿಳಿದ ದಿನ

ಹದಿನೆಂಟು ವರ್ಷ ಆ ದ್ವೀಪದ ರೆಸಾರ್ಟಿನಲ್ಲಿ ಹಾಸಿಗೆಯ ಬಟ್ಟೆ ಒಗೆದು ಇಸ್ತ್ರಿ ಮಾಡಿದವಳು ಅವಳು. ಒಂದು ದಿನವೂ ಆ ಹಾಸಿಗೆಯ ಮೇಲೆ ಕೂತವಳಲ್ಲ. ಈ ಸಲ ಕೋಣೆಗಳನ್ನೆಲ್ಲ ಹೊಸದಾಗಿ ಕಟ್ಟಿಸಿದ್ದರು. ಅತಿಥಿಗಳು ಬರುವ ಮೊದಲು ಕೆಲಸದವರೇ ಎರಡು ದಿನ ಉಳಿದು, ಹುಳುಕು ಹುಡುಕಿ ಹೇಳಬೇಕೆಂದರು ಮಾಲೀಕರು. ಜೊತೆಗೆ ಮನೆಯವರೊಬ್ಬರು ಬರಬಹುದಿತ್ತು. ಗಂಡ ರೆಸಾರ್ಟಿನ ದೋಣಿ ನಡೆಸುವವನು, ಅವನಿಗೆ ಬಿಡುವಿಲ್ಲ. ಹಾಗಾಗಿ ಅತ್ತೆಯನ್ನು ಕರೆದಳು.

"ಹುಳುಕು ಹುಡುಕೋಕೆ ನಿಮಗಿಂತ ಯಾರಿದ್ದಾರೆ ಅತ್ತೆ?"

"ಇಷ್ಟು ವರ್ಷ ನಿನ್ನಲ್ಲಿ ಹುಡುಕಿ ಕಣ್ಣು ಪಳಗಿದೆ," ಎಂದರು ಅತ್ತೆ.

ಕೋಣೆಗೆ ಕಾಲಿಟ್ಟೊಡನೆ ಅವಳ ಕಣ್ಣಿಗೆ ಬಿದ್ದದ್ದು ಹಾಸಿಗೆಯ ಮೂಲೆಯ ಸುಕ್ಕು. ಎಳೆದು ಸರಿಮಾಡಲು ಬಗ್ಗಿದಳು. ಅತ್ತೆ ಕೈಗೊಂದು ಏಟು ಕೊಟ್ಟರು.

"ಬಿಡೇ. ಇವತ್ತು ಮಲಗಿ ಸುಕ್ಕು ಮಾಡೋದು ನಿನ್ನ ಕೆಲಸ."

ಬಚ್ಚಲಿಗೆ ಗೋಡೆಯಿತ್ತು, ಸೂರಿರಲಿಲ್ಲ. "ಪಾಪ, ಸೂರು ಹಾಕೋದೇ ಮರೆತಿದ್ದಾರೆ," ಎಂದರು ಅತ್ತೆ.

"ಬೇಕಂತಲೇ ಬಿಟ್ಟಿದ್ದಾರೆ ಅತ್ತೆ. ಆಕಾಶ ನೋಡ್ತಾ ಸ್ನಾನ ಮಾಡ್ಲಿ ಅಂತ."

"ನಾವು ಆಕಾಶ ನೋಡೋದು, ಕಾಗೆ ನಮ್ಮನ್ನ ನೋಡೋದು. ಬರ್ಕೋ, ಇದು ಮೊದಲನೇ ಹುಳುಕು."

ಮರುದಿನ ಅವಳು ಕಣ್ಣು ಬಿಟ್ಟಾಗ ಗಂಟೆ ಒಂಬತ್ತು. ಮದುವೆಯಾದ ಮೇಲೆ ಅಷ್ಟು ಹೊತ್ತು ಮಲಗಿದ್ದು ಅದೇ ಮೊದಲು. ಪಕ್ಕದಲ್ಲಿ ಅತ್ತೆ ಇರಲಿಲ್ಲ. ಹೊರಗೆ ಓಡಿದಳು. ಮರಳಿನ ಮೇಲೆ ಅತ್ತೆಯ ಚಪ್ಪಲಿ, ಅದರೊಳಗೆ ಕನ್ನಡಕ. ಅಲೆಗಳಾಚೆ, ತಿಳಿನೀರಿನಲ್ಲಿ, ಬೆಳ್ಳಗಿನ ತುರುಬೊಂದು ತೇಲುತ್ತಿತ್ತು.

ಕಿರುಚಿಕೊಂಡೇ ನೀರಿಗಿಳಿದಳು. ಮೊಣಕಾಲುದ್ದ ಬರುವಷ್ಟರಲ್ಲಿ ಅತ್ತೆ ಮಗ್ಗುಲು ಹೊರಳಿ, ಸಲೀಸಾಗಿ ಕೈ ಬೀಸುತ್ತ ದಡದತ್ತ ಬಂದರು.

"ಯಾಕೆ ಊರೆಲ್ಲ ಎಬ್ಬಿಸ್ತೀಯ?"

"ನಿಮಗೆ ಈಜು ಬರುತ್ತಾ?"

"ನಮ್ಮಪ್ಪ ದೋಣಿಗಳ ತಳ ಉಜ್ಜೋನು. ಅವನ ಜೊತೆ ನೀರಲ್ಲೇ ಬೆಳೆದೋಳು ನಾನು. ಮದುವೆ ಆದ್ಮೇಲೆ ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಬೆಳಿಗ್ಗೆ ನೀರು ನೋಡಿದೆ, ತಡ್ಕೊಳಕ್ಕಾಗ್ಲಿಲ್ಲ." ಐವತ್ತು ವರ್ಷದ ಮಾತನ್ನು ಅಷ್ಟರಲ್ಲೇ ಮುಗಿಸಿ ಅವಳ ಕೈ ಹಿಡಿದರು. "ಬಾ. ಕತ್ತು ಬಿಗಿ ಹಿಡೀಬೇಡ. ಹೊಟ್ಟೆ ಮೇಲೆತ್ತು."

ಮೂರು ಸಲ ಉಪ್ಪುನೀರು ಕುಡಿದಳು. ನಾಲ್ಕನೆಯ ಸಲ ಮೈ ಹಗುರಾಗಿ ನೀರಿನ ಮೇಲೆ ನಿಂತಿತು. ಕಿವಿಯಲ್ಲಿ ನೀರಿನ ಗುಂಯ್‌ಗುಟ್ಟುವಿಕೆ, ಕಣ್ಣ ತುಂಬ ಬಿಸಿಲು. ತಡೆಯಲಾರದೆ ನಕ್ಕಳು, ನಕ್ಕದ್ದಕ್ಕೇ ಮುಳುಗಿದಳು. ಅತ್ತೆ ಜುಟ್ಟು ಹಿಡಿದು ಮೇಲೆತ್ತಿದರು. ಇಬ್ಬರೂ ಒಬ್ಬರಿಗೊಬ್ಬರು ಆತುಕೊಂಡು, ಹೊಟ್ಟೆ ಹುಣ್ಣಾಗುವಂತೆ ನಕ್ಕರು.

ಸಂಜೆ ಅತ್ತೆಯ ಮಗ ಇವರನ್ನು ಕರೆದೊಯ್ಯಲು ದೋಣಿ ತಂದ. ನೀರಿನಲ್ಲಿದ್ದ ಅಮ್ಮನನ್ನು ಕಂಡು ಎಂಜಿನ್ ನಿಲ್ಲಿಸಿ, ಬಾಯಿ ತೆರೆದು ನೋಡುತ್ತ ನಿಂತ.

"ಅಮ್ಮಾ, ಹತ್ತಮ್ಮ."

"ನೀನು ನಡೆಸ್ತಿರು. ನಾನು ಹಿಂದೆ ಬರ್ತೀನಿ," ಎಂದರು ಅತ್ತೆ.

ಕೊನೆಗೆ ಸೊಸೆಯೇ ಗದರಿಸಿ ಹತ್ತಿಸಬೇಕಾಯಿತು. ಈಗ ಭಾನುವಾರಗಳಂದು ಅತ್ತೆ ಸೊಸೆ ಇಬ್ಬರೂ ತಮ್ಮೂರ ಕಡಲಿಗೆ ಹೋಗುತ್ತಾರೆ. ಮನೆಯ ಅಡುಗೆ ಅಂದು ದೋಣಿಯವನದು.